ಸೆರಗು ತಿರುಗಿಸಿ ನೋಡಿ

ಭಾಗ 1

ಮೊದಲನೇ ಫೋಟೋದಲ್ಲಿರೋ ಕಪ್ಪು ಸೀರೆ ನನ್ನದು. ಕಾಲೇಜಿನ ಎಥ್ನಿಕ್ ಡೇಗೆ ಅಂತ ಫೋನಲ್ಲೇ ಆರ್ಡರ್ ಮಾಡಿದ್ದು. "ಅಪ್ಪಟ ಇಳಕಲ್ ಕೈಮಗ್ಗ" ಅಂತ ದೊಡ್ಡದಾಗಿ ಬರೆದಿದ್ದರು. 799 ರೂಪಾಯಿ. ನಾಲ್ಕೇ ದಿನಕ್ಕೆ ಮನೆಗೆ ಬಂತು. ಕೆಂಪು ಸೆರಗು, ಅಗಲ ದಡಿ, ಎಲ್ಲಾ ಸರಿಯಾಗೇ ಕಾಣ್ತಿತ್ತು. ಅವತ್ತು ನಿಮ್ಮಲ್ಲಿ ಎಷ್ಟೋ ಜನ ಸೀರೆ ಚೆನ್ನಾಗಿದೆ ಅಂದಿರಿ, ನಾನೂ ಉಬ್ಬಿಹೋದೆ.

ಮನೆಗೆ ಬಂದು ಆಯಿಗೆ ತೋರಿಸಿದೆ. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.) ಆಕೆ ದಡಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಸೆರಗನ್ನ ಹಿಂದುಮುಂದು ತಿರುಗಿಸಿ, ಕಪ್ಪು ಒಡಲೂ ಕೆಂಪು ಸೆರಗೂ ಕೂಡೋ ಜಾಗ ಹುಡುಕಿ, ಅಲ್ಲಿ ಹೆಬ್ಬೆರಳು ಆಡಿಸಿದಳು. ಕನ್ನಡಕ ಕೂಡ ಹಾಕಿರಲಿಲ್ಲ.

"ಇದರಾಗ ಕೊಂಡೀನ ಇಲ್ಲಲ್ಲವ್ವಾ," ಅಂದಳು. "ಎಷ್ಟ ಕೊಟ್ಟಿ?"

ನಾನು ಇತಿಹಾಸ ಓದೋ ಹುಡುಗಿ. ಬಾದಾಮಿ ಚಾಲುಕ್ಯರ ಬಗ್ಗೆ ಹನ್ನೆರಡು ಪೋಸ್ಟ್ ಹಾಕಿದವಳು. ಬಾದಾಮಿಯ ಜಿಲ್ಲೆಯಲ್ಲೇ ಇರೋ ಇಳಕಲ್ಲಿನ ಸೀರೆ ಉಟ್ಟುಕೊಂಡು ಒಂದು ದಿನ ಪೂರ್ತಿ ಓಡಾಡಿದ್ದೀನಿ, ಕೊಂಡಿ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಶಾಲೆಗೆ ಐದನೇ ಇಯತ್ತೆ ತನಕ ಹೋದ ಆಯಿಗೆ ಹೆಬ್ಬೆರಳಲ್ಲೇ ಗೊತ್ತಿತ್ತು.

ಅಲ್ಲಿಂದ ಶುರುವಾಯ್ತು ಈ ಸರಣಿ. ಹಳೇ ಫಾಲೋವರ್ಸಿಗೆ ಗೊತ್ತು, ನಾನು ಶುರು ಮಾಡಿದ್ರೆ ಬೇಗ ಮುಗಿಸೋದಿಲ್ಲ.

ಭಾಗ 2

ಕೊಂಡಿ ಅಂದ್ರೆ ಏನು ಅಂತ ತಿಳೀಬೇಕಾದ್ರೆ ಮೊದಲು ಎರಡು ಪದ ಗೊತ್ತಿರಬೇಕು. ನೀವು ಅವನ್ನ ದಿನಾ ಬಳಸ್ತೀರಿ. "ಮೊಬೈಲು ನಮ್ಮ ಬದುಕಲ್ಲಿ ಹಾಸುಹೊಕ್ಕಾಗಿದೆ" ಅಂತ ಪ್ರಬಂಧದಲ್ಲಿ ಬರೆದಿರ್ತೀರಲ್ಲ, ಆ ಹಾಸು, ಆ ಹೊಕ್ಕು. ಎರಡೂ ಮಗ್ಗದ ಮಾತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿರೋ ಎಳೆಗಳು ಹಾಸು. ಲಾಳಿ ಅಡ್ಡಡ್ಡ ಓಡಾಡಿ ತೂರಿಸೋ ಎಳೆ ಹೊಕ್ಕು. ಎರಡೂ ಸೇರಿದರೆ ಬಟ್ಟೆ.

ಈಗ ಒಂದು ಸಮಸ್ಯೆ ಯೋಚಿಸಿ. ಸೀರೆಯ ಒಡಲು ಕಪ್ಪು ಇರಬೇಕು, ಸೆರಗು ಕುಂಕುಮದ ಹಾಗೆ ಕೆಂಪು ಇರಬೇಕು. ಹಾಸಿನ ಎಳೆ ಕಪ್ಪು. ಸೆರಗಿನ ಜಾಗ ಬಂದಾಗ ಲಾಳಿಯಲ್ಲಿ ಕೆಂಪು ನೂಲು ಹಾಕಿ ನೇಯಬಹುದು, ಆದರೆ ಕೆಳಗಿರೋ ಹಾಸು ಇನ್ನೂ ಕಪ್ಪೇ. ಕಪ್ಪಿನ ಮೇಲೆ ಕೆಂಪು ಹಾಯ್ದರೆ ಬರೋದು ಮಂಕು ಬಣ್ಣ, ಒಣಗಿದ ಬೀಟ್‌ರೂಟಿನ ಹಾಗೆ. ನನ್ನ 799ರ ಸೀರೆಯ ಸೆರಗು ಹಾಗೇ ಇತ್ತು. ನಾನು ಅದನ್ನ "ವಿಂಟೇಜ್ ಶೇಡ್" ಅಂದುಕೊಂಡಿದ್ದೆ.

ಇಳಕಲ್ಲಿನ ನೇಕಾರರು ಇದಕ್ಕೆ ಕಂಡುಕೊಂಡ ದಾರಿ ಕೊಂಡಿ. ಒಡಲಿಗೆ ಒಂದು ಹಾಸು, ಸೆರಗಿಗೇ ಬೇರೆ ಹಾಸು. ಒಡಲಿನ ಹತ್ತಿ ಎಳೆಯ ತುದಿಯನ್ನ ಕುಣಿಕೆ ಮಾಡಿ, ಸೆರಗಿನ ಕೆಂಪು ರೇಷ್ಮೆ ಎಳೆಯ ಕುಣಿಕೆಗೆ ಸಿಕ್ಕಿಸ್ತಾರೆ. ಒಂದು ಎಳೆ ಆದಮೇಲೆ ಪಕ್ಕದ್ದು, ಅದಾದಮೇಲೆ ಅದರ ಪಕ್ಕದ್ದು. ಸೀರೆಯ ಅಗಲದುದ್ದಕ್ಕೂ ಸಾವಿರಾರು ಎಳೆ, ಎಲ್ಲವೂ ಕೈಯಿಂದ. ಹೀಗಾದಾಗ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಮಂಕು ಅನ್ನೋ ಮಾತೇ ಇಲ್ಲ.

ಇದರ ಇನ್ನೊಂದು ಪರಿಣಾಮ ಇದೆ, ಅದೇ ಮುಖ್ಯ. ಬೇರೆ ಸೀರೆಗಳಾದ್ರೆ ಒಂದೇ ಉದ್ದ ಹಾಸು ಏರಿಸಿ, ಒಂದರ ಹಿಂದೆ ಒಂದು ಮೂರು ನಾಲ್ಕು ಸೀರೆ ನೇಯ್ದು ಆಮೇಲೆ ಕತ್ತರಿಸಬಹುದು. ಕೊಂಡಿ ಸೀರೆಗೆ ಅದು ಆಗೋದಿಲ್ಲ. ಒಂದು ಸೀರೆಗೆ ಒಂದು ಹಾಸು. ಸೀರೆ ಮುಗೀತಾ, ಮತ್ತೆ ಮೊದಲಿಂದ ಎಳೆ ಎಳೆ ಸೇರಿಸಬೇಕು. ಅಂದ್ರೆ ಆಯಿಯ ಟ್ರಂಕಿನಲ್ಲಿರೋ ಒಂದೊಂದು ಸೀರೆಯನ್ನೂ ಯಾರೋ ಒಬ್ಬರು ಅದೊಂದಕ್ಕೇ ಅಂತ ಕೂತು ಕಟ್ಟಿದ್ದಾರೆ.

ಭಾಗ 3

ಎರಡನೇ ಫೋಟೋದಲ್ಲಿ ಸೆರಗನ್ನ ಹತ್ತಿರದಿಂದ ತೆಗೆದಿದ್ದೀನಿ, ಜೂಮ್ ಮಾಡಿ. ಕೆಂಪಿನ ನಡುವೆ ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಹಲ್ಲು ಹಲ್ಲಾಗಿ ಮೇಲೆದ್ದಿರೋ ಗೆರೆ. ಇದಕ್ಕೆ ಟೋಪ ತೆನಿ ಸೆರಗು ಅಂತಾರೆ. ತೆನಿ ಅಂದ್ರೆ ತೆನೆ, ನಮ್ಮ ಜೋಳದ ತೆನೆ. ಇನ್ನೊಂದು ವಿನ್ಯಾಸದ ಹೆಸರು ಹಣಿಗೆ, ಅಂದ್ರೆ ಬಾಚಣಿಗೆ. ಕೋಟೆಯ ತೆನೆಗೋಡೆಯಂಥದ್ದೂ ಇದೆ. ದಡಿಗಳಿಗೂ ಹೆಸರು: ಚಿಕ್ಕಿ ಪರಾಸ, ಗೋಮಿ, ಗಾಡಿ. ಗೋಮಿಗೆ ಇಳಕಲ್ ದಡಿ ಅಂತಲೂ ಕರೀತಾರೆ. ಆಯಿ ಇವನ್ನೆಲ್ಲ ಸೊಪ್ಪಿನ ಹೆಸರು ಹೇಳಿದ ಹಾಗೆ ಸಲೀಸಾಗಿ ಹೇಳಿದಳು.

ಜೋಳ, ಬಾಚಣಿಗೆ, ಕೋಟೆ. ಹೊಲದಲ್ಲಿ, ಮನೆಯಲ್ಲಿ, ಊರ ಹೊರಗೆ ಕಣ್ಣಿಗೆ ಬಿದ್ದದ್ದೇ ಸೆರಗಿಗೆ ಬಂದಿದೆ. ಯಾಕಂದ್ರೆ ಇದು ಕಪಾಟಿನಲ್ಲಿಟ್ಟು ಪೂಜೆ ಮಾಡೋ ಸೀರೆ ಆಗಿರಲಿಲ್ಲ. ದಿನಾ ಉಡೋ ಸೀರೆ.

ಸೆರಗು ಏನೇನು ಮಾಡ್ತಿತ್ತು ಅಂತ ಆಯಿಯನ್ನ ಕೇಳಿದೆ. ಬಿಸಿಲಿಗೆ ತಲೆ ಮೇಲೆ ಹೊದ್ದುಕೊಳ್ಳೋದು. ಬೆವರು ಒರೆಸೋದು. ಒಲೆ ಮೇಲಿನ ಗಡಿಗೆ ಇಳಿಸೋದು. ಸಂತೆಯ ಚಿಲ್ಲರೆ ಗಂಟು ಹಾಕೋದು. ಕಟ್ಟೆಗೆ ಹಿರಿಯರು ಕೂತಿದ್ರೆ ಎಳ್ಕೊಳ್ಳೋದು (ಇದನ್ನ ಹೇಳುವಾಗ ಆಕೆಗೆ ಅಷ್ಟು ಖುಷಿ ಇರಲಿಲ್ಲ). ಹೊಲದಿಂದ ಬರುವಾಗ ಉಡಿಯೊಳಗೆ ಕಡ್ಲಿ ಗಿಡ, ಸುಲಗಾಯಿ ತುಂಬಿಕೊಂಡು ಬರೋದು. ಉಡಿ ತುಂಬೋದು ಅಂದ್ರೆ ಶಾಸ್ತ್ರ ಮಾತ್ರ ಅಂದುಕೊಂಡಿದ್ದೆ ನಾನು. ಅದಕ್ಕಿಂತ ಮೊದಲು ಅದು ಚೀಲ.

ಸೀಗಿ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಚರಗ ಚೆಲ್ಲೋಕೆ ಹೊಲಕ್ಕೆ ಹೋಗುವಾಗ ಇದೇ ಸೀರೆ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ತೆನಿ ಇರೋ ಸೆರಗು ಹೊದ್ದು ತೆನಿ ಇರೋ ಹೊಲಕ್ಕೆ.

ಸೀರೆ ಹಳೇದಾದ ಮೇಲೆ ಕೂಸಿನ ಜೋಳಿಗೆ ಆಗ್ತಿತ್ತು. ಜೋಳಿಗೆಯೂ ಸವೆದ ಮೇಲೆ ಕೌದಿಗೆ. ಕೌದಿ ಹರಿದ ಮೇಲೆ ಒಲೆ ಒರೆಸೋ ಅರಿವೆ. ಇಪ್ಪತ್ತು ಮೂವತ್ತು ವರ್ಷ ಒಂದೇ ಬಟ್ಟೆ ಮನೆಯೊಳಗೆ ವೇಷ ಬದಲಿಸ್ತಾ ಓಡಾಡ್ತಿತ್ತು.

ಭಾಗ 4

ಈಗ ಸ್ವಲ್ಪ ಹಿಂದೆ ಹೋಗೋಣ. ಬೋರ್ ಆಗಲ್ಲ, ನಂಬಿ.

ನಮ್ಮ ಭಾಗದಲ್ಲಿ ನೇಯ್ಗೆ ಎಷ್ಟು ಹಳೇದು ಅಂದ್ರೆ, ವಚನಕಾರರಲ್ಲಿ ಬಸವಣ್ಣನವರಿಗಿಂತ ಹಿಂದಿನವನು ಅಂತ ಗುರುತಿಸೋ ಜೇಡರ ದಾಸಿಮಯ್ಯನೇ ನೇಕಾರ. ಊರು ಈಗಿನ ಯಾದಗಿರಿ ಜಿಲ್ಲೆಯ ಮುದನೂರು. ಜೇಡ ಅಂದ್ರೆ ನೇಯುವವನು. ಮೂಲೆಯಲ್ಲಿ ಬಲೆ ಕಟ್ಟೋ ಹುಳುವಿಗೂ ನಾವು ಅದೇ ಹೆಸರಿಟ್ಟಿದ್ದೀವಿ.

ಆದರೆ ನನ್ನ ಕತೆಗೆ ಬೇಕಾದ ಕಾಲ ಹತ್ತೊಂಬತ್ತನೇ ಶತಮಾನ. ಆಗ ಇಳಕಲ್, ಗುಳೇದಗುಡ್ಡ, ಬಾಗಲಕೋಟೆ ಎಲ್ಲಾ ಮುಂಬೈ ಪ್ರಾಂತಕ್ಕೆ ಸೇರಿದ್ದವು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೀತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗೋ ಹತ್ತಿ ನಿಂತಿತು. ಅವರ ಕಣ್ಣು ಧಾರವಾಡ ಸೀಮೆಯ ಹತ್ತಿ ಮೇಲೆ ಬಿತ್ತು. ನಮ್ಮ ಎರೆಹೊಲದ ಹತ್ತಿ ಹಡಗು ಹತ್ತಿ ಹೋಯ್ತು, ಬಟ್ಟೆಯಾಗಿ ವಾಪಸ್ ಬಂತು.

1876ರಿಂದ 78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದ್ರೆ ಇವತ್ತಿನ ವಿಜಯಪುರ, ಬಾಗಲಕೋಟೆ ಭಾಗ, ತೀರಾ ನಲುಗಿತು. ಬರ ಬಂದಾಗ ಜನ ಮೊದಲು ಕೈಬಿಡೋದು ಹೊಸ ಬಟ್ಟೆ ತಾನೇ? ಹಾಗಾಗಿ ರೈತನ ಹೊಲ ಒಣಗಿದ ಕೂಡಲೇ ನೇಕಾರನ ಮಗ್ಗ ನಿಲ್ತಿತ್ತು. ಬರಗಾಲದ ಕೆಲಸ ಅಂದ್ರೆ ಕಲ್ಲು ಒಡೆಯೋದು, ಮಣ್ಣು ಹೊರೋದು. ಎಳೆ ಹಿಡಿದು ರೂಢಿಯಾದ ಬೆರಳು ಕಲ್ಲು ಒಡೆದು ಒರಟಾದ್ರೆ ಆಮೇಲೆ ಮಗ್ಗಕ್ಕೆ ಬರೋದು ಕಷ್ಟ. ಮುಂದೆ ಬರ ಪರಿಹಾರದ ನಿಯಮಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲೇ ಕೆಲಸ ಕೊಡೋ ವಿಷಯ ಸೇರಿತು.

1880ರ ದಶಕದಲ್ಲಿ ಗದಗ–ಹೊಟಗಿ ರೈಲು ಬಂತು, ಬಾಗಲಕೋಟೆ, ವಿಜಯಪುರ ಹಾಯ್ದು. ರೈಲಿನ ಜೊತೆ ಗಿರಣಿ ಬಟ್ಟೆ ಸಂತೆಸಂತೆಗೂ ತಲುಪಿತು. ಅದೇ ದಶಕದಲ್ಲಿ ಗೋಕಾಕ ಫಾಲ್ಸ್ ಹತ್ತಿರ ನೂಲಿನ ಗಿರಣಿಯೂ ಎದ್ದಿತು. ಪಠ್ಯಪುಸ್ತಕದ ಪ್ರಕಾರ ಇಲ್ಲಿಗೆ ಕೈಮಗ್ಗ ಸಾಯಬೇಕು. "ಬ್ರಿಟಿಷರ ನೀತಿಯಿಂದ ಗುಡಿಕೈಗಾರಿಕೆ ನಾಶವಾಯಿತು", ನಾಲ್ಕು ಅಂಕದ ಪ್ರಶ್ನೆ, ನಾವೆಲ್ಲ ಬಾಯಿಪಾಠ ಮಾಡಿದ್ದು.

ಹಾಗಾದ್ರೆ ಆಯಿಗೆ ಆ ಸೀರೆ ಎಲ್ಲಿಂದ ಬಂತು?

ಭಾಗ 5

ಉತ್ತರದಲ್ಲಿ ಒಂದು ನಾಶ ನಿಜ. ಕೈಯಲ್ಲಿ ನೂಲೋದು ಹೆಚ್ಚುಕಡಿಮೆ ಹೋಗೇಬಿಟ್ಟಿತು. ರಾಟಿ ಮುಂದೆ ಕೂತು ನೂಲು ತೆಗೀತಿದ್ದೋರು ಬಹುತೇಕ ಹೆಂಗಸರು, ಅದರಲ್ಲೂ ಬಡವರು, ವಿಧವೆಯರು. ಗಿರಣಿಯ ನೂಲು ಅಗ್ಗ, ಸಮನಾಗಿ ಬರ್ತಿತ್ತು, ನೇಕಾರರೇ ಅದನ್ನ ಕೊಂಡರು. ಆ ಹೆಂಗಸರ ದಿನದ ನಾಲ್ಕು ಕಾಸು ಹೋಯ್ತು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನೇಯ್ಗೆಯ ಕತೆ ಬೇರೆ. ತೀರ್ಥಂಕರ್ ರಾಯ್, ಡಗ್ಲಸ್ ಹೇನ್ಸ್ ಅಂತ ಇಬ್ಬರು ಇತಿಹಾಸಕಾರರು ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹೇನ್ಸ್ ಅವರ ಪುಸ್ತಕ ಪಶ್ಚಿಮ ಭಾರತದ ಸಣ್ಣ ಊರುಗಳ ಮೇಲೇ ಇದೆ. ಅವರು ತೋರಿಸೋದನ್ನ ನನ್ನ ಮಾತಲ್ಲಿ ಹೇಳ್ತೀನಿ.

ಗಿರಣಿಗೆ ಬೇಕಾದ್ದು ಉದ್ದನೆಯ, ಒಂದೇ ಥರದ ಬಟ್ಟೆ. ಸಾವಿರ ಗಜ ಬಿಳಿ ಧೋತರ ನೇಯಿ ಅಂದ್ರೆ ಅದಕ್ಕೆ ಹಬ್ಬ. ಸಾದಾ ಬಟ್ಟೆಯ ಪೇಟೆಯನ್ನ ಅದು ನುಂಗಿತು. ಆದರೆ ಸೀರೆಯ ಹತ್ತಿರ ಬಂದಾಗ ತಡವರಿಸಿತು. ಯಾಕಂದ್ರೆ ಸೀರೆ ಕೊಳ್ಳೋ ಹೆಂಗಸರು ಸುಮ್ಮನೆ ಒಪ್ಪೋ ಜಾತಿ ಅಲ್ಲ. ಈ ಊರಿಗೆ ಈ ದಡಿ, ಆ ಸೀಮೆಗೆ ಆ ಸೆರಗು. ಇಷ್ಟೇ ಮೊಳ ಇರಬೇಕು, ಕಚ್ಚೆ ಹಾಕಿ ಉಟ್ಟರೆ ಸೆರಗು ಇಲ್ಲಿಗೇ ಬರಬೇಕು. ಮದುವೆಗೆ ಒಂದು, ಕುಬಸಕ್ಕೆ ಒಂದು. ದಡಿ ಬೇರೆ ಬಣ್ಣ, ಒಡಲು ಬೇರೆ, ಸೆರಗು ಮತ್ತೊಂದು. ಇಷ್ಟಿಷ್ಟೇ ಸೀರೆಗೆ ಗಿರಣಿ ಪ್ರತಿ ಸಲ ಎಲ್ಲಾ ಬದಲಿಸ್ತಾ ಕೂತರೆ ಅದರ ಲೆಕ್ಕ ತಪ್ಪುತ್ತೆ. ಕೈಮಗ್ಗದವನಿಗೆ ಅದೇ ಅನುಕೂಲ. ಹಾಗಾಗಿ ನೇಕಾರರು ಗಂಡಸರ ಬಟ್ಟೆ ಬಿಟ್ಟು ಹೆಚ್ಚುಹೆಚ್ಚು ಸೀರೆ ಕಡೆ ತಿರುಗಿದರು.

ಅದರಲ್ಲೂ ಕೊಂಡಿ ನೋಡಿ. ಒಂದು ಸೀರೆಗೆ ಒಂದು ಹಾಸು. ಇದಕ್ಕಿಂತ ಗಿರಣಿಗೆ ತಲೆನೋವಾಗೋ ಬಟ್ಟೆ ಇನ್ನೊಂದನ್ನ ಬೇಕಂತಲೇ ಯೋಚಿಸಿದ್ರೂ ಮಾಡೋಕಾಗ್ತಿರಲಿಲ್ಲ.

ಆ ಹೆಂಗಸರು ಕೈಮಗ್ಗ ಉಳಿಸಬೇಕು ಅಂತ ಸೀರೆ ಕೊಂಡಿರಲಿಲ್ಲ. ಅವರಿಗೆ ಕೆಂಪು ಅಂದ್ರೆ ಕೆಂಪೇ ಬೇಕಿತ್ತು, ಅಷ್ಟೇ. ಸಂತೆಯಲ್ಲಿ ಸೆರಗು ತಿರುಗಿಸಿ, ಹೆಬ್ಬೆರಳು ಆಡಿಸಿ, "ಇದು ಬ್ಯಾಡ" ಅಂತ ಪಕ್ಕಕ್ಕಿಟ್ಟು ಎದ್ದು ಹೋಗ್ತಿದ್ದರು. ನೂಲೋ ಕೆಲಸ ಕಳಕೊಂಡ ಹೆಂಗಸರೇ, ಉಡೋರಾಗಿ, ನೇಯೋ ಕೆಲಸವನ್ನ ಹಿಡಿದು ನಿಲ್ಲಿಸಿದರು. ಇದು ನನಗೆ ಓದುವಾಗ ಮೈ ಜುಂ ಅಂದ ಜಾಗ.

ಭಾಗ 6

ಇಲ್ಲಿ ಒಂದು ಜಗಳ ಆಡಬೇಕು ನಾನು.

ರೀಲ್ಸ್‌ನಲ್ಲಿ ಇಳಕಲ್ ಸೀರೆ ಹಾಕಿ "ಸಾವಿರಾರು ವರ್ಷದಿಂದ ಒಂಚೂರೂ ಬದಲಾಗದ ಪರಂಪರೆ" ಅಂತ ಬರೀತಾರಲ್ಲ, ಅದು ಸುಳ್ಳು. ಒಳ್ಳೇ ಮನಸ್ಸಿನ ಸುಳ್ಳು, ಆದ್ರೂ ಸುಳ್ಳೇ. ನೂಲು ಗಿರಣಿಯದ್ದಾಯ್ತು, ಈಗ ತಾನೇ ಹೇಳಿದೆ. ನೀಲಿ ಬಣ್ಣಕ್ಕೆ ಗಿಡದ ನೀಲಿ ಹೋಗಿ, 1897ರಲ್ಲಿ ಜರ್ಮನಿಯ ಕಂಪನಿ ಮಾರೋಕೆ ಶುರುಮಾಡಿದ ಕೃತಕ ನೀಲಿ ಜಗತ್ತಿನೆಲ್ಲೆಡೆ ಬಂತು. ಕೈಯಿಂದ ಎಸೆಯೋ ಲಾಳಿ ಹೋಗಿ, ಹಗ್ಗ ಎಳೆದರೆ ಓಡೋ ಲಾಳಿ ಬಂತು. ಅದನ್ನ 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಮಾಡಿದ್ದು. ನಮ್ಮ ಮಗ್ಗಗಳಿಗೆ ಅದು ಹರಡಿದ್ದು ಇಪ್ಪತ್ತನೇ ಶತಮಾನದಲ್ಲಿ. ಸೆರಗಿನ ರೇಷ್ಮೆ ಜಾಗಕ್ಕೆ ಎಷ್ಟೋ ಸೀರೆಗಳಲ್ಲಿ ಚಮಕಾ ಬಂತು, ಅಂದ್ರೆ ಕೃತಕ ರೇಷ್ಮೆ. ಹದಿನೆಂಟು ಮೊಳದ ಸೀರೆ ಆರು ಗಜಕ್ಕೆ ಇಳಿಯಿತು.

ನೇಕಾರ ಅಂದ್ರೆ ಮ್ಯೂಸಿಯಮ್ಮಿನ ಗೊಂಬೆ ಅಲ್ಲ. ಹೊಸದು ಕಂಡ್ರೆ ತಗೋತಾನೆ, ಲೆಕ್ಕ ಹಾಕ್ತಾನೆ, ಬೇಡ ಅನಿಸಿದ್ರೆ ಬಿಡ್ತಾನೆ. ಇಷ್ಟೆಲ್ಲ ಬದಲಾದ್ರೂ ಕೊಂಡಿ ಮಾತ್ರ ಹಾಗೇ ಉಳಿದದ್ದು ಯಾಕೆ? ಅದನ್ನ ಬಿಟ್ಟರೆ ಸೀರೆ ವಾಪಸ್ ಬರ್ತಿತ್ತು, ಅದಕ್ಕೆ.

ಭಾಗ 7

ಇನ್ನು ಕಾನೂನು. ಚಿಕ್ಕದಾಗಿ ಮುಗಿಸ್ತೀನಿ.

1930ರ ಹೊತ್ತಿಗೆ ಗಿರಣಿಗಳೂ ಬಣ್ಣದ ಸೀರೆ ಕಡೆ ಕೈಚಾಚಿದವು. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಕೆಲವು ಬಗೆಯ ಬಟ್ಟೆಯನ್ನ ಕೈಮಗ್ಗಕ್ಕೇ ಅಂತ ಮೀಸಲಿಟ್ಟರು. 1985ರಲ್ಲಿ ಇದಕ್ಕೇ ಬೇರೆ ಕಾನೂನು ಬಂತು. ಮೊದಲು 22 ಬಗೆ ಬಟ್ಟೆ ಮೀಸಲಿತ್ತು. ಪವರ್‌ಲೂಮಿನವರು ಕೋರ್ಟಿಗೆ ಹೋದರು, 1993ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನ ಎತ್ತಿಹಿಡಿಯಿತು. ಆಮೇಲೆ ಪಟ್ಟಿ 11ಕ್ಕೆ ಇಳಿಯಿತು. ದಡಿ ಇರೋ ಹತ್ತಿ, ರೇಷ್ಮೆ ಸೀರೆ ಇವತ್ತಿಗೂ ಆ ಪಟ್ಟಿಯಲ್ಲಿದೆ. ಪುಸ್ತಕದಲ್ಲಿ. ಪೇಟೆಗೆ ಹೋಗಿ ನೋಡಿ.

2006ರಲ್ಲಿ ಕೈಮಗ್ಗ ಬಟ್ಟೆಗೆ ಗುರುತಿನ ಚೀಟಿ ಬಂತು, ಹ್ಯಾಂಡ್‌ಲೂಮ್ ಮಾರ್ಕ್. ಇಳಕಲ್ ಸೀರೆಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಅದೇ ದಿನ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿ ಶುರುವಾಗಿತ್ತು. ಅವತ್ತು ಎಲ್ಲರೂ ಸೀರೆ ಉಟ್ಟು ಫೋಟೋ ಹಾಕ್ತೀವಿ. ನಾನು ಹೋದ ವರ್ಷ ಹಾಕಿದ ಫೋಟೋ ಯಾವ ಸೀರೆಯದ್ದು ಅಂತ ಈಗ ನಿಮಗೆ ಗೊತ್ತಾಯ್ತು. ಕೈಮಗ್ಗ ದಿನಕ್ಕೆ ಪವರ್‌ಲೂಮ್ ಸೀರೆ! ನಗಬೇಡಿ. ಸರಿ, ನಗಿ.

ಒಂದು ವಿಷಯ ಹೇಳಿಬಿಡ್ತೀನಿ, ಕಾಮೆಂಟಲ್ಲಿ ಬೈಯೋ ಮುಂಚೆ. ಪವರ್‌ಲೂಮ್ ಸೀರೆ ಪಾಪ ಅಂತ ನಾನು ಹೇಳ್ತಿಲ್ಲ. ದಿನಗೂಲಿಗೆ ಹೋಗೋ ಎಷ್ಟೋ ಹೆಂಗಸರಿಗೆ ಅದೇ ಎಟುಕೋದು, ಅದನ್ನ ನೇಯೋರೂ ನಮ್ಮೂರಿನ ದುಡಿಯೋ ಜನವೇ. ಅದನ್ನ ಪವರ್‌ಲೂಮ್ ಅಂತಲೇ ಮಾರಿದ್ರೆ ನನಗೇನೂ ತಕರಾರಿಲ್ಲ. "ಅಪ್ಪಟ ಕೈಮಗ್ಗ" ಅಂತ ಬರೆದು ಮಾರಿದಾಗ ಅಲ್ಲಿ ಯಾರದ್ದೋ ಮೂರು ನಾಲ್ಕು ದಿನದ ಕೆಲಸದ ಹೆಸರು ಕದ್ದ ಹಾಗೆ. ಆ ಹೆಸರಿಗೆ ನಾನು ದುಡ್ಡು ಕೊಟ್ಟೆ, ಅದು ಆ ಕೆಲಸ ಮಾಡಿದೋರಿಗೆ ಹೋಗಲಿಲ್ಲ.

ಭಾಗ 8

ಈ ಭಾಗ ಬರೆಯೋಕೆ ಭಯ ಇತ್ತು.

ನಮ್ಮ ಬ್ಯಾಚಿನಲ್ಲಿ ನೇಕಾರರ ಮನೆಯ ಗೆಳೆಯ ಒಬ್ಬ ಇದ್ದಾನೆ. ಹೆಸರು ಹಾಕಬೇಡ ಅಂದಿದ್ದಾನೆ. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ, ಕುಣಿ ಮಗ್ಗದ ಫೋಟೋ ತೆಗೆಯೋಕೆ. ಕುಣಿ ಅಂದ್ರೆ ನೆಲದಲ್ಲಿ ತೋಡಿದ ತಗ್ಗು. ನೇಯೋರು ನೆಲದ ಮಟ್ಟಕ್ಕೆ ಕೂತು ಕಾಲನ್ನ ತಗ್ಗಿನೊಳಗೆ ಇಳಿಬಿಟ್ಟು, ಕೆಳಗಿರೋ ತುಳಿಗೋಲು ತುಳೀತಾ ನೇಯ್ತಾರೆ.

ಮಗ್ಗ ಇರಲಿಲ್ಲ. ಕುಣಿಗೆ ಹಲಗೆ ಮುಚ್ಚಿ ಮೇಲೆ ಫ್ರಿಜ್ ಇಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಎರಡು ಪವರ್‌ಲೂಮ್ ಬಡೀತಿದ್ದವು, ನಾವು ಮಾತಾಡಿದ್ದು ನಮಗೇ ಕೇಳ್ತಿರಲಿಲ್ಲ.

ಅವರಪ್ಪ ಮೂವತ್ತು ವರ್ಷ ಆ ಕುಣಿಯಲ್ಲಿ ಕೂತೋರು. ನೂಲು ಮಾಲೀಕರದ್ದು, ಮಗ್ಗ ಇವರದ್ದು, ಸೀರೆಗೆ ಇಷ್ಟು ಅಂತ ಮಜೂರಿ. ಕಂಡಿಕೆ ಸುತ್ತೋದು, ಹಾಸಿಗೆ ಗಂಜಿ ಕೊಡೋದು, ಕೊಂಡಿ ಸೇರಿಸೋದು ಅವ್ವನ ಕೆಲಸ. ಅದಕ್ಕೆ ಬೇರೆ ಮಜೂರಿ ಉಂಟೇನು ಅಂತ ಕೇಳಿದೆ. ಅವ್ವ ನಕ್ಕರು. "ಮನಿ ಕೆಲಸಕ್ಕ ಯಾರ ಪಗಾರ ಕೊಡ್ತಾರವ್ವಾ?"

(2019–20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35.22 ಲಕ್ಷ ಜನ ಕೈಮಗ್ಗದ ಕೆಲಸದಲ್ಲಿದ್ದಾರೆ. ಅವರಲ್ಲಿ ಶೇಕಡಾ 72ರಷ್ಟು ಹೆಂಗಸರು. ನೇಕಾರ ಅಂದಾಗ ನಿಮ್ಮ ಕಣ್ಣ ಮುಂದೆ ಗಂಡಸೇ ಬಂದಿದ್ರೆ, ನನಗೂ ಹಾಗೇ ಬಂದಿತ್ತು. ಮೇಲೆ ಭಾಗ 6ರಲ್ಲಿ "ತಗೋತಾನೆ", "ಹಾಕ್ತಾನೆ" ಅಂತ ಬರೆದಿದ್ದೀನಲ್ಲ, ತಿದ್ದಿಲ್ಲ, ಹಾಗೇ ಇರಲಿ.)

ವಾಪಸ್ ಬರುವಾಗ ಗೆಳೆಯನಿಗೆ ಕೇಳಿದೆ, ಕೈಮಗ್ಗ ತೆಗೆದದ್ದಕ್ಕೆ ಬೇಜಾರಿಲ್ವಾ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನೀವೆಲ್ಲ ಬಂದು ಫೋಟೋ ತಗೀತೀರಿ, ಛಲೋ ಆತು. ನಮ್ಮಪ್ಪನ ಮೊಣಕಾಲ ನೋವು ಫೋಟೋದಾಗ ಬರಂಗಿಲ್ಲ ನೋಡು."

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಅವನೇ ಮತ್ತೆ ಮಾತು ತೆಗೆದ. ಕೊಂಡಿ ಸೀರೆಗೆ ಸರಿಯಾದ ರೇಟು ಕೊಡೋ ಗಿರಾಕಿ ಇದ್ದಿದ್ರೆ ಅಪ್ಪ ಕುಣಿ ಮುಚ್ಚುತಿರಲಿಲ್ಲವಂತೆ. ಕೊನೆಕೊನೆಗೆ ಅಂಗಡಿಯಲ್ಲಿ ಕೊಂಡಿ ಇರೋ ಸೀರೆ, ಇಲ್ಲದ ಸೀರೆ ಪಕ್ಕಪಕ್ಕ ಇಟ್ಟರೆ ಜನ ಕಡಿಮೆ ರೇಟಿಂದೇ ಎತ್ತಿಕೊಳ್ತಿದ್ದರು. ಎರಡರ ಫರಕು ಕೇಳೋರೇ ಇಲ್ಲ. "ಸೆರಗ ತಿರುವಿ ನೋಡೋ ಮುದುಕ್ಯಾರು ಸಂತಿಗೆ ಬರೋದು ನಿಂತರಲ್ಲ, ಅವತ್ತಿಂದ ನಮ್ಮಪ್ಪಗ ಗೊತ್ತಾಗಿತ್ತು," ಅಂದ.

ಭಾಗ 9

ಕೊನೇ ಭಾಗ, ಪ್ರಾಕ್ಟಿಕಲ್ಸ್.

ನಿಮ್ಮ ಮನೆಯಲ್ಲಿ ಇಳಕಲ್ ಸೀರೆ ಇದ್ರೆ ಹೊರಗೆ ತೆಗೀರಿ. ಸೆರಗಿನ ತುದಿಯಲ್ಲಿ ಜೋತಾಡೋ ಎಳೆ ಇರ್ತಾವಲ್ಲ, ದಶಿ, ಅದರ ಬಣ್ಣ ನೋಡಿ. ಕೊಂಡಿ ಸೀರೆಯಲ್ಲಿ ಸೆರಗಿಗೆ ಬೇರೆ ಹಾಸು ಇರೋದ್ರಿಂದ ದಶಿ ಸೆರಗಿನ ಬಣ್ಣದ್ದೇ ಇರತ್ತೆ. ನನ್ನ 799ರ ಸೀರೆಯಲ್ಲಿ ಸೆರಗು ಕೆಂಪು, ದಶಿ ಕಪ್ಪು. ಒಡಲಿನ ಎಳೆಯೇ ಕೊನೆ ತನಕ ಹೋಗಿದೆ ಅಂತ ಅದೇ ಸಾಕ್ಷಿ ಹೇಳ್ತಿತ್ತು, ನಾನು ಅದಕ್ಕೆ ಕುಚ್ಚು ಕಟ್ಟಿಸಿದ್ದೆ!

ಆಮೇಲೆ ಒಡಲೂ ಸೆರಗೂ ಕೂಡೋ ಗೆರೆಗೆ ಬನ್ನಿ. ಅಲ್ಲಿ ಹೆಬ್ಬೆರಳು ಆಡಿಸಿ. ಕೊಂಡಿ ಇದ್ರೆ ಅಡ್ಡಕ್ಕೆ ಒಂದು ಸಣ್ಣ ಏರು ಸಿಗತ್ತೆ, ಸಕ್ಕರೆ ಚೆಲ್ಲಿದ ಕಟ್ಟೆ ಮುಟ್ಟಿದ ಹಾಗೆ. ಆಯಿಯ ಹೆಬ್ಬೆರಳು ಹುಡುಕಿದ್ದು ಅದನ್ನೇ. ಒಂದು ಎಚ್ಚರಿಕೆ: ಕೊಂಡಿ ಇಲ್ಲ ಅಂದ ಮಾತ್ರಕ್ಕೆ ಕೈಮಗ್ಗ ಅಲ್ಲ ಅಂತ ತೀರ್ಮಾನ ಮಾಡಬೇಡಿ. ಕೊಂಡಿ ಹಾಕದೇ ಉದ್ದ ಹಾಸಿನಲ್ಲಿ ನೇಯ್ದ ಕೈಮಗ್ಗ ಸೀರೆಗಳೂ ಇವೆ. ಅಂಥಾಗ ಹ್ಯಾಂಡ್‌ಲೂಮ್ ಮಾರ್ಕಿನ ಚೀಟಿ ಇದೆಯಾ ನೋಡಿ, ಅಂಗಡಿಯವರನ್ನ ಕೇಳಿ. ಕೇಳೋಕೆ ನಾಚಿಕೆ ಬೇಡ.

ಸೀರೆ ಇಲ್ಲದೋರು ಬೇಜಾರಾಗಬೇಡಿ. ಸರ್ಕಾರಿ ಶಾಲೆಯಲ್ಲಿ ಓದಿದ್ರೆ ವಿದ್ಯಾವಿಕಾಸದ ಯೂನಿಫಾರ್ಮ್ ನೆನಪಿದೆಯಾ? ಆ ಬಟ್ಟೆಯಲ್ಲಿ ಒಂದು ಪಾಲನ್ನ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ನೇಯ್ದು ಕೊಟ್ಟಿದ್ದಾರೆ. ಪೇರಳೆ ಮರ ಹತ್ತಿ ನೀವು ಹರಕೊಂಡ ಚಡ್ಡಿ ಯಾರದ್ದೋ ಮಗ್ಗದಿಂದ ಬಂದಿರಬಹುದು.

799ರ ಸೀರೆ ಏನಾಯ್ತು ಅಂತ ಡಿಎಮ್‌ನಲ್ಲಿ ಕೇಳ್ತಿದ್ದೀರಿ. ವಾಪಸ್ ಕಳಿಸೋ ದಿನ ಮುಗಿದಿತ್ತು. ಆಯಿಯೇ ತಗೊಂಡಳು. ಉಡೋದಕ್ಕಲ್ಲ, ಜೋಳದ ಚೀಲದ ಮೇಲೆ ಧೂಳು ಕೂಡದ ಹಾಗೆ ಹೊದಿಸಿದ್ದಾಳೆ. "ಕೌದಿಗೆ ಹಾಕೂಣು?" ಅಂದೆ. "ಮೈಗೆ ಹತ್ತಂಗಿಲ್ಲ ಅದು, ಜಾರತೈತಿ," ಅಂದಳು.

ಕೊನೇ ಫೋಟೋ ಆ ಕೌದಿಯದ್ದು, ನಾನು ದಿನಾ ಹೊದ್ದು ಮಲಗೋದು. ಅದರ ಎಡಗಡೆ ಮೂಲೆಯಲ್ಲಿ ಕೆಂಪು ತುಂಡು ಕಾಣ್ತಿದೆಯಲ್ಲ, ಅದು ಆಯಿಯ ಮದುವೆ ಸೀರೆಯ ಸೆರಗು. ಕಪ್ಪು ಒಡಲು ಸವೆದು ಬಲೆಯ ಹಾಗೆ ಆಗಿದೆ, ತೆನಿಯ ಬಿಳಿ ಹಳದಿಗೆ ತಿರುಗಿದೆ. ಇಷ್ಟು ವರ್ಷ ಅದರ ಕೆಳಗೇ ಮಲಗಿದ್ದೆ. ನಿನ್ನೆ ರಾತ್ರಿ ಲೈಟ್ ಆರಿಸಿ ಕತ್ತಲಲ್ಲಿ ಹೆಬ್ಬೆರಳು ಆಡಿಸಿದೆ. ಕೊಂಡಿ ಸಿಕ್ಕಿತು.

ನಿಮ್ಮನೆ ಸೀರೆಯ ದಶಿ ಯಾವ ಬಣ್ಣ ಅಂತ ಕಾಮೆಂಟಲ್ಲಿ ಬರೀರಿ. ದಡಿಯ ಹೆಸರು ಗೊತ್ತಿಲ್ಲದಿದ್ರೆ ಅಜ್ಜಿಗೆ ಫೋನ್ ಕೊಡಿ, ಅವರೇ ಹೇಳ್ತಾರೆ.

#ಇಳಕಲ್ #ಟೋಪತೆನಿ #ಕೊಂಡಿ #ಆಯಿಯಟ್ರಂಕು